ಗೋಡೆಗೆ ಮೆಟ್ಟಿಲಿಟ್ಟವರು

ಅಮ್ಮ ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದ ಎರಡನೇ ವಾರ ಅವಳನ್ನು ಸ್ಟ್ಯಾನೇಜ್ ಎಡ್ಜ್ ಅನ್ನೋ ಬಂಡೆಸಾಲು ನೋಡೋಕೆ ಕರೆದುಕೊಂಡು ಹೋದೆ. ಶೆಫೀಲ್ಡ್‌ನಲ್ಲಿ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಟಾಟ್ಲಿ ಸುರಂಗ, ಐದೂವರೆ ಕಿಲೋಮೀಟರಿಗೂ ಜಾಸ್ತಿ ಉದ್ದ. ಅದು ಮುಗಿದರೆ ಹಸಿರು ಕಣಿವೆ. ಹ್ಯಾದರ್ಸೇಜ್‌ನಲ್ಲಿ ಇಳಿದು ನಡೆಯುತ್ತಾ ಹೋದಾಗ ಒಂದು ಹುಲ್ಲುಗಾವಲು ಎದುರಾಯಿತು. ಸುತ್ತ ಕಲ್ಲಿನ ಗೋಡೆ, ಒಳಗೆ ಕುರಿಗಳು. ಅಮ್ಮ ನಿಂತುಬಿಟ್ಟಳು. "ಯಾರದೋ ಜಮೀನು ಕಣೋ. ಬೈತಾರೆ, ಬೇಡ" ಅಂದಳು.

ನಾನು ಗೋಡೆ ತೋರಿಸಿದೆ. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆ ಅದು. ಮೂರು ಉದ್ದ ಕಲ್ಲುಗಳು ಮಾತ್ರ ಹೊರಗೆ ಚಾಚಿಕೊಂಡಿದ್ದವು, ನಮ್ಮ ಕಡೆ ತೋಟದ ಬಾವಿಗೆ ಇಳಿಯೋಕೆ ಇರುವ ಕಲ್ಲುಗಳ ಹಾಗೆಯೇ. ಪಕ್ಕದ ಮರದ ಕಂಬದಲ್ಲಿ ಕಾಲುದಾರಿ ಎಂದು ಬರೆದ ಹಲಗೆ. ಕುರಿ ದಾಟಬಾರದು, ಮನುಷ್ಯ ದಾಟಬೇಕು. ಅದಕ್ಕೇ ಆ ಮೆಟ್ಟಿಲು. ನಾವು ಒಳಗೆ ಇಳಿಯುವಾಗಲೇ ಜಮೀನಿನವರು ಗಾಡಿಯಲ್ಲಿ ಬಂದರು. ಅಮ್ಮ ನನ್ನ ತೋಳು ಹಿಡಿದುಕೊಂಡಳು. ಅವರು ಕೈ ಎತ್ತಿ, "ಆ ಕಡೆ ಕೆಸರಿದೆ, ಗೋಡೆ ಪಕ್ಕ ಹೋಗಿ" ಎಂದು ಹೇಳಿ ಹೊರಟುಹೋದರು.

ಶೆಫೀಲ್ಡ್‌ನಲ್ಲಿ ನೋಡೋಕೆ ಬೇಕಾದಷ್ಟಿದೆ. ಸಸ್ಯೋದ್ಯಾನಕ್ಕೆ ದುಡ್ಡು ಕೊಡಬೇಕಿಲ್ಲ. ಪೋರ್ಟರ್ ಹೊಳೆಯ ದಂಡೆಯಲ್ಲಿ ಶೆಫರ್ಡ್ ವೀಲ್ ಇದೆ. ನೀರಿನ ಚಕ್ರದ ಬಲದಿಂದ ಚಾಕು-ಚೂರಿಗಳಿಗೆ ಸಾಣೆ ಹಿಡಿಯುತ್ತಿದ್ದ ಜಾಗ ಅದು. ಆದರೂ ಯಾರು ಬಂದರೂ ನಾನು ಮೊದಲು ತೋರಿಸುವುದು ಈ ಕಾಲುದಾರಿಗಳನ್ನೇ.

ಇಲ್ಲಿ 1949ರ ಕಾನೂನಿನ ಪ್ರಕಾರ ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತು ಮಾಡಿಸಿದ್ದಾರೆ. ಹೊಲದ ನಡುವೆ ದಾರಿ ಇದ್ದರೆ ರೈತರು ಉಳಬಹುದು, ಆದರೆ 14 ದಿನದೊಳಗೆ ಮತ್ತೆ ನಡೆಯುವ ಹಾಗೆ ಮಾಡಿಕೊಡಬೇಕು. ಜಮೀನು ಯಾರ ಕೈಗೆ ಹೋದರೂ ದಾರಿ ಹೋಗುವುದಿಲ್ಲ. ಇದು ಸುಮ್ನೆ ಸಿಕ್ಕಿದ್ದಲ್ಲ. ಇಲ್ಲಿಗೆ ಹತ್ತಿರದ ಕಿಂಡರ್ ಸ್ಕೌಟ್ ಬೆಟ್ಟವನ್ನು ಹಿಂದೆ ಹಕ್ಕಿ ಬೇಟೆಗೆಂದು ಕಾಯ್ದಿಟ್ಟುಕೊಂಡಿದ್ದರು, ಜನ ಕಾಲಿಡುವ ಹಾಗಿರಲಿಲ್ಲ. 1932ರ ಏಪ್ರಿಲ್ 24ರಂದು ಸುಮಾರು 400 ಜನ ಬೇಕೆಂದೇ ಹತ್ತಿದರು. ಮುಂದೆ ನಿಂತ ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತೇ ವರ್ಷ. ಕಾವಲುಗಾರರ ಜೊತೆ ಜಟಾಪಟಿಯಾಗಿ, ಅವನೂ ಸೇರಿ ಐವರು ಜೈಲಿಗೆ ಹೋದರು. 1951ರಲ್ಲಿ ಈ ಸೀಮೆ, ಪೀಕ್ ಡಿಸ್ಟ್ರಿಕ್ಟ್, ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟ, ಬಯಲುಗಳಲ್ಲಿ ದಾರಿ ಬಿಟ್ಟೂ ಓಡಾಡುವ ಹಕ್ಕಿನ ಕಾನೂನು ಬಂದಿದ್ದು 2000ದಲ್ಲಿ. ವಾರವೆಲ್ಲ ಕಾರ್ಖಾನೆಯ ಹೊಗೆ ಕುಡಿದವರು ಭಾನುವಾರ ಒಂದು ದಿನ ಗಾಳಿ ಬೇಕು ಅಂತ ಜೈಲಿಗೆ ಹೋದರಲ್ಲ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮಲ್ಲೂ ದಾರಿಗಳಿವೆ. ನಕಾಶೆ ಕಂಡ ದಾರಿ ಅಂತ ಒಳ್ಳೆಯ ಮಾತೇ ಇದೆ. ತಿಪಟೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಕೆರೆಗೆ ಹೋಗುವ ಕಾಲುದಾರಿ ತೆಂಗಿನ ತೋಟಗಳ ನಡುವೆ ಇತ್ತು. ಒಂದು ವರ್ಷ ರಜೆಗೆ ಹೋದಾಗ ಅಲ್ಲಿ ತಂತಿಬೇಲಿ ಬಿದ್ದಿತ್ತು. ಅಜ್ಜಿ ಕೊನೆಯವರೆಗೂ ಬಟ್ಟೆ ಗಂಟು ಹೊತ್ತು ಸುತ್ತು ಹಾಕಿಕೊಂಡೇ ಹೋದಳು. ಯಾರೂ ಜಗಳ ತೆಗೆಯಲಿಲ್ಲ. ಅಕ್ಕಪಕ್ಕದವರಲ್ವಾ, ಯಾಕೆ ನಿಷ್ಠುರ ಅಂದರು. ಅದು ತಪ್ಪು ಅಂತ ನನಗೆ ಇಲ್ಲಿಗೆ ಬಂದಮೇಲೆ ಗಟ್ಟಿಯಾಗಿ ಅನ್ನಿಸಿತು. ದಾರಿ ಕೇಳುವುದು ಜಗಳವಲ್ಲ.

ಹಾಗಂತ ಎಲ್ಲದರಲ್ಲೂ ಇವರದೇ ಮೇಲು ಅನ್ನಲಾರೆ. ಇಲ್ಲಿ ನಡೆಯುವವರು ಎದುರು ಸಿಕ್ಕರೆ ನಕ್ಕು ಮಾತಾಡಿಸುತ್ತಾರೆ, ಆಮೇಲೆ ತಮ್ಮ ಪಾಡಿಗೆ ತಾವು ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ನಾವೋ ಬುತ್ತಿ ಬಿಚ್ಚಿದರೆ ಪಕ್ಕದವರಿಗೆ ಕೊಡದೆ ಕೈ ಹಾಕುವುದಿಲ್ಲ. ಆ ಪದ್ಧತಿಯನ್ನು ನಾನು ಯಾವ ಊರಿಗೂ ಬಿಟ್ಟುಕೊಡುವುದಿಲ್ಲ.

ಬಂಡೆಸಾಲಿನ ಬುಡದಲ್ಲಿ ಬೀಸುಕಲ್ಲುಗಳು ಬಿದ್ದಿವೆ. ಹಿಂದೆ ಇಲ್ಲೇ ಕಡಿದು, ವ್ಯಾಪಾರ ಕುಸಿದಾಗ ಹಾಗೇ ಬಿಟ್ಟುಹೋದ ಕಲ್ಲುಗಳು. ಪಾಚಿ ಹಿಡಿದಿದೆ, ನಡುವಿನ ತೂತು ಇನ್ನೂ ದುಂಡಗಿದೆ. ಅಮ್ಮ ಅದರ ಮೇಲೆ ಕೈಯಾಡಿಸಿದಳು. "ನಮ್ಮ ಅಟ್ಟದಲ್ಲಿರೋದರ ಅಪ್ಪನಂಗಿದೆ" ಅಂದಳು. ಅದರ ಪಕ್ಕವೇ ಕೂತು ಚಿತ್ರಾನ್ನದ ಡಬ್ಬಿ ತೆಗೆದಳು. ಹತ್ತಿರ ಕೂತಿದ್ದ ವಯಸ್ಸಾದ ಗಂಡ ಹೆಂಡತಿಗೆ ಚಕ್ಕುಲಿ ಕೊಟ್ಟಳು. ಆ ಹೆಂಗಸು ಇನ್ನೊಂದು ಕೇಳಿ ತೆಗೆದುಕೊಂಡರು.

ವಾಪಸ್ ಬರುವಾಗ ಗೋಡೆಯನ್ನು ಅಮ್ಮನೇ ಮೊದಲು ದಾಟಿದಳು. ರೈಲಿನಲ್ಲಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ನಮ್ಮೂರ ನಕಾಶೆ ತೆಗೆಸೋಕೆ ಏನು ಮಾಡಬೇಕೋ?"