ಅಪ್ಪನ ಗಾಡಿ ಟಾಕಿಯಲ್ಲಿ ನಮ್ಮದೇ ಕಬ್ಬು

ಅಪ್ಪನ 1998ರ ಸ್ಪ್ಲೆಂಡರ್ ಈ ಸಲ ಮಳೆಗಾಲ ಪೂರ್ತಿ ಕೊಟ್ಟಿಗೆ ಪಕ್ಕ ನಿಂತಿತ್ತು. ಟಾಕಿಯಲ್ಲಿ ಅರ್ಧ ಪೆಟ್ರೋಲ್. ದೀಪಾವಳಿಗೆ ಊರಿಗೆ ಹೋದಾಗ ಕಿಕ್ ಹೊಡೆದೂ ಹೊಡೆದೂ ಕಾಲು ನೋವು ಬಂತು, ಗಾಡಿ ಚಾಲೂ ಆಗಲಿಲ್ಲ.

ಮುಧೋಳದ ಮಿಸ್ತ್ರಿ ಪೈಪ್ ಕಳಚಿ, ಟಾಕಿ ತಳದ್ದನ್ನು ನೀರಿನ ಖಾಲಿ ಬಾಟಲಿಗೆ ಬಿಟ್ಟ. ಕಟ್ಟೆ ಮೇಲಿಟ್ಟು ಬೀಡಿ ಹಚ್ಚಲು ದೂರ ಹೋದ. ಬರುವಷ್ಟರಲ್ಲಿ ಮೇಲೆ ಪೆಟ್ರೋಲ್, ಕೆಳಗೆ ಎರಡು ಬೆರಳು ಬೇರೆ ಪದರ. ತಳದಲ್ಲಿ ಚಹಾಪುಡಿಯಂಥ ಕೆಂಪು ಚೂರು.

"ನೀರು, ಎಥೆನಾಲ್ ಕೂಡಿ ಕೆಳಗ ಕುಂತೈತ್ರಿ ಅಣ್ಣಾರ. ಟಾಕಿ ಜಂಗ್ ಹಿಡದೈತಿ."

ಎಥೆನಾಲ್ ಅಂದರೆ ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್. ನನಗೆ ನಗು ಬಂತು. ಆ ಎಥೆನಾಲ್ ನಮ್ಮ ಹೊಲದ ಕಬ್ಬಿನದೇ ಇರಬಹುದು! ಮುಧೋಳ, ಜಮಖಂಡಿ, ಅಥಣಿ ಕಡೆ ಸಕ್ಕರೆ ಜೊತೆ ಅದನ್ನೂ ಮಾಡುತ್ತಾರೆ. ಹಾಗಾಗಿ ಎಥೆನಾಲ್‌ಗೆ ಬೈಯಲು ನನಗೆ ಬಾಯಿ ಬರುವುದಿಲ್ಲ.

ಸಿಟ್ಟು ಬೇರೆಯದಕ್ಕೆ. ಪೆಟ್ರೋಲಿನಲ್ಲಿ ಎಥೆನಾಲ್ 2022ರಲ್ಲಿ ಶೇ 10 ಇದ್ದದ್ದು 2025ಕ್ಕೆ ಶೇ 20 ಆಯಿತು. 2023ರ ಏಪ್ರಿಲ್ ನಂತರದ ಗಾಡಿಗಳ ರಬ್ಬರು, ಪ್ಲಾಸ್ಟಿಕ್ಕು ಅದಕ್ಕೆ ತಕ್ಕಂತೆ ಇವೆ. ಹಳೆಯವುಗಳ ಗತಿ? ನಮ್ಮೂರ ಬಂಕಿನಲ್ಲಿ ಬೇರೆ ಪೆಟ್ರೋಲೇ ಇಲ್ಲ. ಹಳೇ ಬೈಕಿನ ಮೈಲೇಜ್ ಶೇ 3–4 ಇಳಿಯುತ್ತದೆ ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅದನ್ನು ಹೇಗೋ ತಡೆದುಕೊಳ್ಳಬಹುದು. ತುಂಬಾ ದಿನ ಗಾಡಿ ನಿಲ್ಲಿಸುವಾಗ ಏನು ಮಾಡಬೇಕು ಅಂತ ಬಂಕಿನಲ್ಲಿ ಒಂದು ಬೋರ್ಡಾದರೂ ಹಾಕಬಹುದಿತ್ತಲ್ವಾ?

ದಿನಾ ಓಡುವ ಗಾಡಿಗೆ ಅಷ್ಟು ಭಯ ಬೇಡ. ನಿಂತ ಗಾಡಿಯದೇ ಗೋಳು. ಮಳೆಗಾಲದಲ್ಲಿ ತೆರೆದಿಟ್ಟ ಬೆಲ್ಲ ಬೆವರುತ್ತದಲ್ಲ, ಎಥೆನಾಲ್‌ನದೂ ಅದೇ ಗುಣ. ಗಾಳಿಯ ತೇವ ಹೀರುತ್ತದೆ. ಅರ್ಧ ಖಾಲಿ ಟಾಕಿಯಲ್ಲಿ ಗಾಳಿಯೂ ಜಾಸ್ತಿ. ನಮ್ಮ ತಪ್ಪೂ ಇತ್ತು ಅನ್ನಿ, ಮುಚ್ಚಳದ ರಬ್ಬರ್ ಹರಿದು ಮಳೆ ನೀರೂ ಇಳಿದಿತ್ತು. ಮೊದಲಾದರೆ ತಳದ ನೀರಷ್ಟೇ ಚೆಲ್ಲಿದರೆ ಆಗುತ್ತಿತ್ತು. ಈಗ ನೀರು ಎಥೆನಾಲನ್ನೂ ಎಳೆದುಕೊಂಡು ಕೂರುತ್ತದೆ, ಮೇಲಿನ ಪೆಟ್ರೋಲಿನ ದಮ್ಮೂ ಹೋಗುತ್ತದೆ. ಆಮೇಲೆ ಯಾವ ಔಷಧಿ ಸುರಿದರೂ ದಂಡ. ಪೂರ್ತಿ ಚೆಲ್ಲಿದೆವು.

ಮಿಸ್ತ್ರಿ ಟಾಕಿಗೆ ಒಂದು ಹಿಡಿ ನಟ್ಟು ಹಾಕಿ ಕುಲುಕಿ, ತೊಳೆದು, ಬಿಸಿಲಿಗಿಟ್ಟ. ಪೈಪು, ಫಿಲ್ಟರು, ಮುಚ್ಚಳದ ರಬ್ಬರ್ ಹೊಸದಾದವು. ಒಳಗೆ ಕೋಟಿಂಗ್ ಮಾಡಿಸೋಣ್ವಾ ಅಂತ ಕೇಳಿದೆ. ಎಥೆನಾಲ್ ತಡೆಯದ ಕೋಟಿಂಗ್ ಸಿಪ್ಪೆ ಎದ್ದು ಕಾರ್ಬುರೇಟರ್‌ಗೇ ಬರುತ್ತದಂತೆ. ಸುಮ್ನೆ ಬಿಟ್ಟೆ.

ಅಪ್ಪನಿಗೆ ಹೇಳಿಬಂದಿದ್ದೇನೆ. ಎರಡು ಮೂರು ವಾರ ನಿಲ್ಲಿಸುವುದಾದರೆ ಟಾಕಿ ಫುಲ್ ಇರಲಿ. ತಿಂಗಳುಗಟ್ಟಲೆ ಆದರೆ ಟಾಕಿ, ಕಾರ್ಬುರೇಟರ್ ಎರಡೂ ಖಾಲಿ ಮಾಡಿ, ಟಾಕಿಯೊಳಗೆ ಸ್ವಲ್ಪ ಇಂಜಿನ್ ಆಯಿಲ್ ಆಡಿಸಿಡಿ. ಅರ್ಧ ಮಾತ್ರ ಬಿಡಬೇಡಿ.

ಅಪ್ಪ ಎಲ್ಲಾ ಕೇಳಿಸಿಕೊಂಡು ಅಂದರು: "ಕಬ್ಬಿನ ಬಿಲ್ ಇನ್ನಾ ಬಂದಿಲ್ಲ, ನೀ ಟಾಕಿ ಫುಲ್ ಮಾಡಸು ಅಂತಿ!"