ಉಬುಂಟು ಮೇಲಿನ ಸಿಟ್ಟು ನ್ಯಾಯವೇ?

ಉಬುಂಟು ಅಂದರೆ ಕೆನಾನಿಕಲ್ ಕಂಪನಿ ಕೊಡುವ, ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಂ. ತಂತ್ರಾಂಶ ಹಾಕಿಕೊಳ್ಳಲು ‘ಸ್ನ್ಯಾಪ್’ ಅನ್ನುವ ತನ್ನದೇ ಬಗೆಯ ಪ್ಯಾಕೇಜನ್ನು ಕಂಪನಿ ಹೇರುತ್ತಿದೆ ಅಂತ ಹಲವರಿಗೆ ಸಿಟ್ಟು.

ಪರ: ಹೌದು, ಸಿಟ್ಟು ಬರಲೇಬೇಕು

ಉಬುಂಟುವಿನ ಟರ್ಮಿನಲ್‌ನಲ್ಲಿ (ಕಮಾಂಡ್ ಕೊಡುವ ಕಿಟಕಿ) ‘ಆಪ್ಟ್ ಇನ್‌ಸ್ಟಾಲ್ ಕ್ರೋಮಿಯಂ-ಬ್ರೌಸರ್’ ಅಂತ ಟೈಪ್ ಮಾಡಿ. ಆಪ್ಟ್ ಅಂದರೆ ತಂತ್ರಾಂಶ ಹಾಕಿಕೊಡುವ ಕಮಾಂಡ್, ಅದರಿಂದ ಮಾಮೂಲಿ ಬಗೆಯ ಡೆಬ್ ಪ್ಯಾಕೇಜ್ ಬರಬೇಕು, ಅಲ್ವಾ? ಬರುವುದು ಸ್ನ್ಯಾಪ್. ನಾವು ಕೇಳಿದ್ದೊಂದು, ಸಿಕ್ಕಿದ್ದೊಂದು. ಉಬುಂಟು ಮೇಲೆಯೇ ಕಟ್ಟಿದ ಇನ್ನೊಂದು ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಇದನ್ನು ಒಪ್ಪಲಿಲ್ಲ. 2020ರಲ್ಲಿ ಬಂದ ಮಿಂಟ್ 20ರಲ್ಲಿ ಸ್ನ್ಯಾಪ್‌ಗೆ ತಡೆ ಹಾಕಿತು.

ಸ್ನ್ಯಾಪ್ ನಿಧಾನ ಅನ್ನುವುದು ಸಣ್ಣ ದೂರು. ಉಬುಂಟು 22.04ರಲ್ಲಿ (2022ರ ಏಪ್ರಿಲ್ ಆವೃತ್ತಿ) ಫೈರ್‌ಫಾಕ್ಸ್ ಬ್ರೌಸರ್ ತೆರೆಯಲು ಕಾಯಬೇಕಿತ್ತು, ಆಮೇಲೆ ಸಾಕಷ್ಟು ಸುಧಾರಿಸಿತು. ನಿಜವಾದ ತಕರಾರು ಸ್ನ್ಯಾಪ್‌ಗಳು ಸಿಗುವ ಸ್ಟೋರ್‌ನದು. ಅದರ ಸರ್ವರ್ ಕಡೆಯ ಕೋಡ್ ಮುಕ್ತವಲ್ಲ, ಬೀಗದ ಕೈ ಕೆನಾನಿಕಲ್ ಕಂಪನಿಯ ಹತ್ತಿರವೇ ಇದೆ. ಸ್ನ್ಯಾಪ್‌ನಂಥದ್ದೇ ಇನ್ನೊಂದು ಬಗೆಯಾದ ಫ್ಲ್ಯಾಟ್‌ಪ್ಯಾಕ್‌ಗಾದರೆ ಯಾರು ಬೇಕಾದರೂ ಸ್ವಂತ ರೆಪೊ (ತಂತ್ರಾಂಶದ ಭಂಡಾರ) ನಡೆಸಬಹುದು. ಆದರೂ 2023ರ 23.04ರಿಂದ ಉಬುಂಟುವಿನ ಯಾವ ಅಧಿಕೃತ ಫ್ಲೇವರ್‌ನಲ್ಲೂ (ಬೇರೆ ಬೇರೆ ಡೆಸ್ಕ್‌ಟಾಪ್‌ನ ರೂಪಗಳು) ಫ್ಲ್ಯಾಟ್‌ಪ್ಯಾಕ್ ಡೀಫಾಲ್ಟ್ ಆಗಿ ಇರುವಂತಿಲ್ಲ ಅಂತಾಯಿತು. ಮುಕ್ತ ತಂತ್ರಾಂಶ ಅಂತ ನಂಬಿ ಬಂದವರಿಗೆ ಇದು ನೋವಾಗುವ ವಿಷಯವೇ.

ಹಳೇ ಗಾಯವೂ ಒಂದಿದೆ. 2012ರ 12.10ರಲ್ಲಿ ನಮ್ಮದೇ ಕಂಪ್ಯೂಟರಿನ ಫೈಲ್ ಹುಡುಕಿದರೂ ಆ ಪದ ಕೆನಾನಿಕಲ್ ಸರ್ವರಿಗೆ ಹೋಗುತ್ತಿತ್ತು. ಫೈಲ್ ಜೊತೆ ಅಮೆಜಾನ್ ಸಾಮಾನುಗಳೂ ಕಾಣುತ್ತಿದ್ದವು. ಮುಕ್ತ ತಂತ್ರಾಂಶ ಚಳವಳಿಯ ನಾಯಕ ರಿಚರ್ಡ್ ಸ್ಟಾಲ್ಮನ್ ಇದನ್ನು ಬೇಹುಗಾರಿಕೆ ಅಂತಲೇ ಕರೆದರು. ಈ ಹುಡುಕಾಟ ಡೀಫಾಲ್ಟ್ ಆಗಿ ಆಫ್ ಆಗಿದ್ದು 2016ರ 16.04ರಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯಿತು?

ವಿರೋಧ: ಇಲ್ಲ, ಸಿಟ್ಟು ಅತಿಯಾಯಿತು

ಫೈರ್‌ಫಾಕ್ಸ್ ಸ್ನ್ಯಾಪ್ ಆಗಿದ್ದು ಅದನ್ನು ಮಾಡುವ ಮೊಜಿಲ್ಲಾ ಜೊತೆ ಮಾತಾಡಿಕೊಂಡೇ. ಬ್ರೌಸರ್‌ಗೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಪ್ರತಿ ಸಲವೂ ಚಾಲ್ತಿಯಲ್ಲಿರುವ ಎಲ್ಲ ಉಬುಂಟು ಆವೃತ್ತಿಗಳಿಗೂ ಬೇರೆ ಬೇರೆ ಡೆಬ್ ಕಟ್ಟಿ, ಪರೀಕ್ಷೆ ಮಾಡಿ, ಕಳಿಸಬೇಕು. ಇದು ಕಣ್ಣಿಗೆ ಕಾಣದ ದುಡಿಮೆ. ಸ್ನ್ಯಾಪ್‌ನಲ್ಲಿ ಒಮ್ಮೆ ಕಟ್ಟಿದರೆ ಎಲ್ಲಕ್ಕೂ ಆಯಿತು, ಭದ್ರತೆಯ ಅಪ್‌ಡೇಟ್ ಬೇಗ ತಲುಪುತ್ತದೆ. ಅಪ್‌ಡೇಟ್ ಅಂದರೇನು ಅಂತಲೇ ಗೊತ್ತಿಲ್ಲದವರ ಲ್ಯಾಪ್‌ಟಾಪ್ ಸುರಕ್ಷಿತವಾಗಿರುವುದು ಇದರಿಂದಲೇ.

2005ರಿಂದ 2011ರವರೆಗೆ ಇದೇ ಕೆನಾನಿಕಲ್ ಕಂಪನಿ ಕೇಳಿದವರ ಮನೆಗೆ ಪುಕ್ಕಟೆ ಉಬುಂಟು ಸಿಡಿ ಕಳಿಸಿತ್ತು. ನೆಟ್ ಆಮೆಗತಿಯಲ್ಲಿದ್ದ ಆ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ವಿದ್ಯಾರ್ಥಿಗಳು ಲಿನಕ್ಸ್ ಮುಖ ಕಂಡಿದ್ದು ಅದರಲ್ಲೇ. ಈಗಲೂ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ 5 ವರ್ಷ ಅಪ್‌ಡೇಟ್ ಉಚಿತ. ಸ್ವಂತ ಬಳಕೆಯ 5 ಕಂಪ್ಯೂಟರ್‌ಗಳವರೆಗೆ ಇನ್ನೂ ಹೆಚ್ಚು ವರ್ಷ ಭದ್ರತೆಯ ಅಪ್‌ಡೇಟ್ ಕೊಡುವ ಉಬುಂಟು ಪ್ರೊ ಕೂಡ ಉಚಿತ. ಇಷ್ಟಕ್ಕೆಲ್ಲ ಸಂಬಳ ಕೊಡುವ ಕಂಪನಿಯೊಂದು ಬೇಕಲ್ವಾ?

ಸ್ನ್ಯಾಪ್ ಬೇಡ ಅನ್ನುವವರು ಅದನ್ನು ತೆಗೆದುಹಾಕಬಹುದು, ಅಥವಾ ‘ಹೋಲ್ಡ್’ ಕೊಟ್ಟು ಅಪ್‌ಡೇಟ್ ತಡೆಯಬಹುದು. ಫೈರ್‌ಫಾಕ್ಸ್ ಡೆಬ್ ಆಗಿಯೇ ಬೇಕು ಅಂದರೆ 2024ರಿಂದ ಮೊಜಿಲ್ಲಾದ್ದೇ ರೆಪೊ ಇದೆ.