ನಾಲ್ಕು ಸಿಡಿ, ಒಂದು ಮದುವೆ

ತುಮಕೂರಿನ ಬಟವಾಡಿಯ ನಮ್ಮ ಮನೆಯಲ್ಲಿ ಅಕ್ಕನ ಮದುವೆ ನಾಲ್ಕು ಸಿಡಿಗಳಲ್ಲಿದೆ. ವರಪೂಜೆ, ಮುಹೂರ್ತ, ಊಟ, ಆರತಕ್ಷತೆ. ಊಟಕ್ಕೇ ಒಂದು ಪೂರ್ತಿ ಸಿಡಿ ಯಾಕೆ ಅಂತ ಕೇಳಬೇಡಿ, ವಿಡಿಯೋದವನಿಗೂ ಹಸಿವಾಗಿತ್ತೇನೋ. ಅಮ್ಮನಿಗೆ ಅವನ್ನು ಒಂದೊಂದೇ ತೆಗೆದು ಹಾಕೋದು ಬೇಜಾರು. ಹಾಗಾಗಿ ಗುಜರಿಯಲ್ಲಿ ನಾಲ್ಕು ಸಿಡಿ ಒಟ್ಟಿಗೆ ಹಿಡಿಸುವ ಸ್ಕಜಿ (ಕಂಪ್ಯೂಟರಿಗೆ ಡ್ರೈವ್ ಜೋಡಿಸುವ ಒಂದು ಹಳೇ ವಿಧಾನ) ಚೇಂಜರ್ ಕಂಡಾಗ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಕಂಪನಿಯ ಹೆಸರನ್ನು ಯಾರೋ ಪಾಪ ಕೆರೆದು ಹಾಕಿದ್ದರು.

ಮನೆಯ ಹಳೇ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ, ಅದರ ತಿರುಳಾದ ಕರ್ನಲ್ 2.6 ಕಾಲದ್ದು. ಚೇಂಜರ್ ಜೋಡಿಸಿದರೆ ವರಪೂಜೆ ಮಾತ್ರ ಕಂಡಿತು. ಮದುವೆ ಅಲ್ಲಿಗೇ ಮುರಿದುಬಿತ್ತು.

ವಿಷಯ ಏನಂದರೆ, ಚೇಂಜರ್‌ನ ಒಂದೊಂದು ಸಿಡಿಗೂ ಲುನ್ ಅಂತ ಬೇರೆ ನಂಬರು, 0ರಿಂದ 3ರವರೆಗೆ. ಎಲ್ಲ ಲುನ್ ಹುಡುಕುವ ಆಯ್ಕೆ ಬಿಟ್ಟು ಕಟ್ಟಿದ ನನ್ನ ಕರ್ನಲ್ 0 ನೋಡಿ ಸುಮ್ಮನಾಗುತ್ತದೆ. ಜಾಸ್ತಿ ಹುಡುಕಬೇಕಾದರೆ ಅದರ ಹತ್ತಿರ ಒಂದು ಪಟ್ಟಿ ಇದೆ. ನಕಾಮಿಚಿಯ ಎಂಜೆ-4.8ಎಸ್, ಪಯೋನಿಯರ್‌ನ ಡಿಆರ್‌ಎಂ-600 ಎಲ್ಲ ಅದರಲ್ಲಿವೆ. ಛತ್ರದ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ ಮಾವನ ಹಾಗೆ, ಹೆಸರಿಲ್ಲದವರನ್ನು ಅದು ಮಾತಾಡಿಸೋದೂ ಇಲ್ಲ.

ಸಿಡಿ ಹೊರಗೆ ತಳ್ಳುವ ಈಜೆಕ್ಟ್ ಕಮಾಂಡಿಗೆ ಮೈನಸ್ ಸಿ ಸೇರಿಸಿ ಇಂಥ ಖಾನೆ ಅಂತ ಹೇಳಬಹುದು, ಆದರೆ ಅದು ಐಡಿಇ ಎಂಬ ಬೇರೆ ಜೋಡಣೆಯ ಚೇಂಜರ್‌ಗಳಿಗೆ. ಮೊದಲ ಖಾನೆಯ ನಂಬರೂ 0. ಇದನ್ನು ಅಮ್ಮನಿಗೆ ಹೇಳಿ ಒಪ್ಪಿಸೋದು ಬೇರೆ ಕಥೆ, ಬಿಡಿ.

ಪಟ್ಟಿಗೆ ಕೈಯಿಂದಲೂ ಹೆಸರು ಸೇರಿಸಬಹುದು. ಕರ್ನಲ್ ತೋರಿಸುವ ಪ್ರಾಕ್ ಎಂಬ ಫೋಲ್ಡರಿನ ಕೆಳಗೆ ಸ್ಕಜಿ ಡಿವೈಸ್ ಇನ್ಫೋ ಎಂಬ ಫೈಲಿದೆ. ಚೇಂಜರ್ ತಾನೇ ಕರ್ನಲ್‌ಗೆ ಹೇಳಿಕೊಂಡ ತಯಾರಕರ ಹೆಸರು, ಮಾಡೆಲ್, ಕೊನೆಗೆ 0x12 ಅಂತ ಬರೆದೆ. ಅದರಲ್ಲಿ 0x02 ಅಂದರೆ ಎಲ್ಲ ಲುನ್‌ಗಳನ್ನೂ ಹುಡುಕು, 0x10 ಅಂದರೆ ಒಂದು ಸಲಕ್ಕೆ ಒಂದನ್ನೇ ಮುಟ್ಟು. ಮತ್ತೆ ಸ್ಕ್ಯಾನ್ ಮಾಡಿಸಿದರೆ ಎಸ್‌ಆರ್0ರಿಂದ ಎಸ್‌ಆರ್3ರವರೆಗೆ ನಾಲ್ಕು ಡ್ರೈವ್‌ಗಳೂ ಬಂದವು. ಅಷ್ಟರಲ್ಲಿ ಕರೆಂಟ್ ಹೋಯಿತು. ಆ ಫೈಲಿನಲ್ಲಿ ಬರೆದಿದ್ದು ಕರೆಂಟಿನ ಜೊತೆಗೇ ಹೋಗುತ್ತದೆ. ಕಂಪ್ಯೂಟರ್ ಶುರುವಾಗುವಾಗ ಕರ್ನಲ್ ಓದುವ ಬೂಟ್ ಸಾಲಿಗೆ ಡೆವ್ ಫ್ಲಾಗ್ಸ್ ಅಂತ ಅದನ್ನೇ ಸೇರಿಸಿದೆ.

ಅವತ್ತು ರಾತ್ರಿ ಶುರುವಾಯಿತು ನೋಡಿ. ಖರ್ರ್, ಟಕ್. ಖರ್ರ್, ಟಕ್. ಹೊಸ ಸಿಡಿ ಬಂತಾ ಅಂತ ಡೆಸ್ಕ್‌ಟಾಪ್ ಆಗಾಗ ಒಂದೊಂದು ಡ್ರೈವನ್ನೂ ಇಣುಕುತ್ತದೆ. ಈಗ ಡ್ರೈವ್ ನಾಲ್ಕು, ಓದುವ ಕಣ್ಣು ಒಂದೇ. ಆರತಕ್ಷತೆ ಕೆಳಗಿಳಿಸಿ ಮುಹೂರ್ತ ಎತ್ತು, ಮುಹೂರ್ತ ಇಳಿಸಿ ಊಟ ಎತ್ತು. ಒಂದು ಸಲಕ್ಕೆ ಒಂದೇ ಅಂತ ನಾನೇ ಹೇಳಿದ್ದೆನಲ್ಲ, ಪಾಳಿ ಪ್ರಕಾರವೇ ನಡೆದಿತ್ತು. ಅಜ್ಜಿ ಎದ್ದು ಬಂದು, "ಡಬ್ಬಿಯೊಳಗೆ ಹೆಗ್ಗಣ ಸೇರ್ಕೊಂಡಿದೆ" ಅಂತ ಪೊರಕೆ ಹಿಡಿದು ಕೂತರು. ಹೀಗೆ ಇಣುಕೋದಕ್ಕೆ ಪೋಲಿಂಗ್ ಅಂತಾರೆ ಎಂದು ವಿವರಿಸಿದೆ. "ಓಟು ಈಗೆಲ್ಲಿದೆಯೋ?" ಅಂದರು. ಆ ಇಣುಕಾಟ ನಿಲ್ಲಿಸಿದ ಮೇಲೇ ಪೊರಕೆ ಮೂಲೆ ಸೇರಿದ್ದು.

ಭಾನುವಾರ ಅಮ್ಮ ನಾಲ್ಕೂ ಸಿಡಿ ನೋಡಿದರು. ಊಟದ್ದನ್ನು ಮಾತ್ರ ಬೇಗ ಬೇಗ ಓಡಿಸಿ ಅಂದರು, ಬಡಿಸುವವರ ಮುಖ ಅಪ್ಪನ ಕಡೆಯವರದಂತೆ. ಸುದ್ದಿ ಗುಬ್ಬಿಗೂ ಮುಟ್ಟಿದೆ. ನಿನ್ನೆ ಚಿಕ್ಕಮ್ಮ ಫೋನ್ ಮಾಡಿ, "ನಮ್ಮದು ವೀಡಿಯೋ ಕ್ಯಾಸೆಟ್ಟು, ಅದನ್ನೂ ಹಿಡಿಸುತ್ತಾ ನೋಡು, ಮೂರೇ ಇರೋದು" ಅಂದರು.